ಮರೆಯಾದ ಅನಲಾಗ್ ಟಿ.ವಿ.: ಆಕರಗ್ರಂಥಕ್ಕೆ ಅಂಕಿಅಂಶವೆಲ್ಲ ಬೇಕೇ?

ಮಂಗಳೂರಿನ ಹೆಂಚಿನ ಮಾಡುಗಳ ಮೇಲೆ ಕದ್ರಿ ಗುಡ್ಡದ ಟವರಿನತ್ತ ಮುಖ ಮಾಡಿ ನಿಂತಿದ್ದ ಆಂಟೆನಾಗಳು ಬಹುತೇಕ ಕೆಳಗಿಳಿದಿವೆ. ಆಯಕಟ್ಟಿನ ಜಾಗಗಳ ಸುಮಾರು 50 ಟ್ರಾನ್ಸ್‌ಮಿಟರುಗಳನ್ನು ಬಿಟ್ಟು ಉಳಿದ ಅನಲಾಗ್ ಟ್ರಾನ್ಸ್‌ಮಿಟರುಗಳನ್ನೆಲ್ಲ 2022ರ ಮಾರ್ಚ್ 31ರೊಳಗೆ ನಿಲ್ಲಿಸುವುದಾಗಿ ಪ್ರಸಾರ ಭಾರತಿ 2021ರಲ್ಲಿ ಪ್ರಕಟಿಸಿತ್ತು. ಆ ವ್ಯವಸ್ಥೆ ಇನ್ನು ಬರಹದಲ್ಲಷ್ಟೇ ಉಳಿಯಬೇಕು. ಕನ್ನಡದ ವಿಶ್ವಕೋಶ, ವಿಕಿಪೀಡಿಯಗಳು ಅದರ ತಾಂತ್ರಿಕ ಮಾನಕಗಳನ್ನು ಪೂರ್ತಿಯಾಗಿ ದಾಖಲಿಸಬೇಕೇ? ಎರಡೂ ಕಡೆಯ ವಾದ ಇಲ್ಲಿದೆ.

ಪರ: ಅಂಕಿ ತಪ್ಪಿದರೆ ಚರಿತ್ರೆಯೂ ತಪ್ಪುತ್ತದೆ

‘ಭಾರತದಲ್ಲಿ ಇದ್ದದ್ದು ಪಾಲ್ ಪದ್ಧತಿ’ ಎಂದು ಒಂದೇ ವಾಕ್ಯದಲ್ಲಿ ಮುಗಿಸುವವರಿದ್ದಾರೆ. ಅದು ಅರ್ಧಸತ್ಯ. ಪಾಲ್ ಎಂದರೆ ಚಿತ್ರಕ್ಕೆ ಬಣ್ಣ ಸೇರಿಸುವ ವಿಧಾನ ಮಾತ್ರ. ಜರ್ಮನಿಯ ಟೆಲಿಫುಂಕೆನ್ ಕಂಪನಿಯಲ್ಲಿದ್ದ ವಾಲ್ಟರ್ ಬ್ರುಖ್ ಅದನ್ನು ರೂಪಿಸಿದ್ದು 1960ರ ದಶಕದ ಆರಂಭದಲ್ಲಿ. ದೆಹಲಿಯಲ್ಲಿ ಟಿ.ವಿ. ಶುರುವಾದದ್ದು ಅದಕ್ಕೂ ಮೊದಲು, 1959ರ ಸೆಪ್ಟೆಂಬರ್ 15ರಂದು. ನಮ್ಮಲ್ಲಿ ಬಣ್ಣ ಬಂದದ್ದು ಏಷ್ಯನ್ ಕ್ರೀಡಾಕೂಟ ನಡೆದ 1982ರಲ್ಲಿ. ಅಲ್ಲಿಯವರೆಗೆ ಇದ್ದದ್ದು ಕಪ್ಪು-ಬಿಳುಪಿನ ಸಿಸ್ಟಂ ಬಿ: 625 ಗೆರೆ, ಸೆಕೆಂಡಿಗೆ 25 ಚಿತ್ರ, 7 ಮೆಗಾಹರ್ಟ್ಸ್ ಅಗಲದ ಚಾನೆಲ್. 1981ರ ನವೆಂಬರಿನಲ್ಲಿ ಆರಂಭವಾದ ಬೆಂಗಳೂರು ದೂರದರ್ಶನ ಕೇಂದ್ರವೂ ಬಣ್ಣಕ್ಕಿಂತ ಮುಂಚಿನದೇ. ಬಣ್ಣದ ವಿಧಾನವನ್ನೂ ಪ್ರಸಾರದ ಮಾನಕವನ್ನೂ ಒಂದೇ ಎಂದು ಬರೆದರೆ ದೇಶದ ಎರಡು ದಶಕಗಳ ಟಿ.ವಿ. ಚರಿತ್ರೆಯೇ ಅಳಿಸಿಹೋಗುತ್ತದೆ.

ಗಲ್ಫ್ ನಂಟಿನ ಮಂಗಳೂರಿಗೆ ಈ ವ್ಯತ್ಯಾಸ ದಿನಬಳಕೆಯ ವಿಷಯವಾಗಿತ್ತು. ದುಬೈ, ಕುವೈತ್‌ಗಳಿಂದ ತಂದ ಟಿ.ವಿ. ಇಲ್ಲಿ ಸಲೀಸಾಗಿ ನಡೆಯುತ್ತಿತ್ತು, ಏಕೆಂದರೆ ಅಲ್ಲಿಯೂ ಪಾಲ್ ಜೊತೆಗೆ ಸಿಸ್ಟಂ ಬಿ ಇತ್ತು. ಬ್ರಿಟನ್ನಿನದೂ ಪಾಲ್ ಪದ್ಧತಿಯೇ. ಆದರೆ ಅಲ್ಲಿನ ಸಿಸ್ಟಂ ಐನಲ್ಲಿ ಚಿತ್ರದ ತರಂಗಕ್ಕೂ ಧ್ವನಿಯ ತರಂಗಕ್ಕೂ ನಡುವೆ 6 ಮೆಗಾಹರ್ಟ್ಸ್ ಅಂತರ, ನಮ್ಮಲ್ಲಿ 5.5. ಅಲ್ಲಿಗೆಂದೇ ಮಾಡಿದ ಸೆಟ್ಟಿಗೆ ನಮ್ಮ ಧ್ವನಿ ಹಿಡಿಯುವುದಿಲ್ಲ. ‘ಪಾಲ್’ ಎಂಬ ಒಂದೇ ಹೆಸರಿನಿಂದ ಇದು ಯಾರಿಗೂ ತಿಳಿಯದು.

ಈ ಅಂಕಿಗಳು ಇವತ್ತಿಗೂ ಕೆಲಸಕ್ಕೆ ಬರುತ್ತವೆ. ಕರಾವಳಿಯ ಎಷ್ಟೋ ಮನೆಗಳಲ್ಲಿ ಮದುವೆ, ಯಕ್ಷಗಾನಗಳ ವಿಎಚ್‌ಎಸ್ ಕ್ಯಾಸೆಟ್ಟುಗಳಿವೆ. ಅವುಗಳಲ್ಲಿ ಒಂದೊಂದು ಚಿತ್ರವೂ ಬೆಸ ಗೆರೆ, ಸಮ ಗೆರೆಗಳ ಎರಡು ಅರ್ಧಗಳಾಗಿದೆ. ಸೆಕೆಂಡಿಗೆ ಅಂಥ 50 ಅರ್ಧಗಳು. ಡಿಜಿಟಲ್ ಪ್ರತಿ ಮಾಡುವಾಗ ಇದನ್ನು ಗಮನಿಸದಿದ್ದರೆ ದಿಗಿಣ ಹೊಡೆಯುವ ವೇಷಧಾರಿಯ ಅಂಚೆಲ್ಲ ಬಾಚಣಿಗೆಯ ಹಲ್ಲುಗಳಂತೆ ಸೀಳಿ ಕಾಣುತ್ತದೆ. ಕ್ಯಾಸೆಟ್ಟುಗಳು ಪೂರ್ತಿ ಹಾಳಾಗುವ ಮೊದಲು ಅವನ್ನು ಉಳಿಸಹೊರಟವರಿಗೆ ಸರಿಯಾದ ವಿವರ ಕನ್ನಡದಲ್ಲೇ ಸಿಗಬೇಕು.

ವಿರೋಧ: ಕೋಷ್ಟಕ ತುಂಬಿದ ಮಾತ್ರಕ್ಕೆ ನಿಖರತೆ ಬರುವುದಿಲ್ಲ

ತಪ್ಪು ಬರೆಯಬಾರದು ಎಂಬುದರಲ್ಲಿ ಭಿನ್ನಾಭಿಪ್ರಾಯವಿಲ್ಲ. ಆದರೆ ಪಾಲ್ ಬಣ್ಣದ ಉಪವಾಹಕ 4.43361875 ಮೆಗಾಹರ್ಟ್ಸ್ ಎಂಬ ಸಂಖ್ಯೆ ಕನ್ನಡದ ಸಾಮಾನ್ಯ ಓದುಗರಿಗೆ ಏನು ತಿಳಿಸುತ್ತದೆ? ಅದು ಬೇಕಾದ ಎಂಜಿನಿಯರರು ಅಂತರರಾಷ್ಟ್ರೀಯ ದೂರಸಂಪರ್ಕ ಒಕ್ಕೂಟದ ದಾಖಲೆಗಳನ್ನೇ ತೆರೆಯುತ್ತಾರೆ. ನಾವು ನಕಲಿಸುವಾಗ ಒಂದು ಅಂಕಿ ಜಾರಿದರೆ ಅದನ್ನು ಗುರುತಿಸಿ ತಿದ್ದಬಲ್ಲವರು ಕೆಲವೇ ಮಂದಿ.

ಅರ್ಥವಾಗದೆ ನಕಲಿಸಿದ ಅಂಕಿ ನಿಖರವಾಗಿ ಕಾಣುತ್ತಲೇ ಸುಳ್ಳು ಹೇಳುತ್ತದೆ. ‘ಅನಲಾಗ್ ಟಿ.ವಿ.ಯ ಚಿತ್ರ 720×576 ಪಿಕ್ಸೆಲ್’ ಎಂಬ ಮಾತನ್ನೇ ನೋಡಿ. 720 ಎಂಬುದು 1982ರಲ್ಲಿ ರೂಪುಗೊಂಡ ಡಿಜಿಟಲ್ ಸ್ಟುಡಿಯೊ ಮಾನಕದ ಲೆಕ್ಕ. ಅನಲಾಗ್ ಪರದೆಯಲ್ಲಿ ಮೇಲಿಂದ ಕೆಳಗೆ ಗೆರೆಗಳನ್ನು ಎಣಿಸಬಹುದು. ಎಡದಿಂದ ಬಲಕ್ಕೆ ಇರುವುದು ಎಡೆಬಿಡದ ಅಲೆ, ಅಲ್ಲಿ ಪಿಕ್ಸೆಲ್ಲೇ ಇಲ್ಲ. ಈ ತತ್ವವನ್ನು ನಾಲ್ಕು ವಾಕ್ಯಗಳಲ್ಲಿ ತಿಳಿಯಾಗಿ ಹೇಳಿದರೆ ಹೈಸ್ಕೂಲಿನ ಮಕ್ಕಳಿಗೂ ಮುಟ್ಟುತ್ತದೆ. ಪುತ್ತೂರಿನಲ್ಲಿ ನೆಲೆಸಿದ್ದ ಶಿವರಾಮ ಕಾರಂತರು ‘ಬಾಲಪ್ರಪಂಚ’, ‘ವಿಜ್ಞಾನ ಪ್ರಪಂಚ’ಗಳನ್ನು ಬರೆದದ್ದು ಅಂಥ ಓದುಗರಿಗಾಗಿ. ನಮ್ಮ ಆಕರ ಬರವಣಿಗೆಗೆ ಆ ಮಾದರಿ ಸಾಕು.

ಮಾನಕದಲ್ಲಿ ಇದ್ದದ್ದೇ ಬೇರೆ, ಜನ ಕಂಡದ್ದೇ ಬೇರೆ. ಪ್ರಸಾರಕ್ಕೆ ಬಣ್ಣ ಬಂದ ಮೇಲೂ ವರ್ಷಗಟ್ಟಲೆ ಅಸಂಖ್ಯ ಮನೆಗಳಲ್ಲಿ ಇದ್ದದ್ದು ಕಪ್ಪು-ಬಿಳುಪು ಸೆಟ್ಟು. ಕಡಲ ಉಪ್ಪುಗಾಳಿಗೆ ತುಕ್ಕು ಹಿಡಿದ ಕಂಬ, ಮಳೆಗಾಲದ ಗಾಳಿಗೆ ತಿರುಗಿದ ಆಂಟೆನಾ, ಗುಡ್ಡದ ಮರೆಯಲ್ಲಿ ಸಿಗ್ನಲ್ ಸಿಗದ ಮನೆ, ಇವೂ ಆ ಚರಿತ್ರೆಯ ಭಾಗ. ಟವರಿನ ಕಥೆಯೊಂದಾದರೆ ಕೇಬಲ್ಲಿನದು ಇನ್ನೊಂದು. 2011ರಲ್ಲಿ ತಿದ್ದುಪಡಿಯಾದ ಕಾಯ್ದೆಯ ಪ್ರಕಾರ ಮಹಾನಗರಗಳಿಂದ ಆರಂಭಿಸಿ ಹಂತಹಂತವಾಗಿ ಅನಲಾಗ್ ಕೇಬಲ್ ನಿಂತಿತು. ಬೆಂಗಳೂರು, ಮೈಸೂರು ಎರಡನೇ ಹಂತದಲ್ಲಿದ್ದವು, ಮಂಗಳೂರಿನ ಸರದಿ ಬಂದದ್ದು ಮೂರನೆಯದರಲ್ಲಿ. ಸಿಸ್ಟಂ ಬಿಯ ಯಾವ ಕೋಷ್ಟಕದಲ್ಲೂ ಈ ವಿವರ ಸಿಗುವುದಿಲ್ಲ.

ತರಂಗಾಂತರದ ಅಂಕಿಗಳು ಜಗತ್ತಿನ ಗ್ರಂಥಾಲಯಗಳಲ್ಲಿ ಭದ್ರವಾಗಿವೆ. ಮಂಗಳೂರಿನ ನಿವೃತ್ತ ಪ್ರಸಾರ ಎಂಜಿನಿಯರುಗಳು, ಟಿ.ವಿ. ಮೆಕ್ಯಾನಿಕ್‌ಗಳು, ಹಳೆಯ ಕೇಬಲ್ ಆಪರೇಟರುಗಳು ಬಲ್ಲ ವಿಷಯಗಳನ್ನು ಹೀಗೆ ಕಾಪಿಟ್ಟವರಿಲ್ಲ. ಕನ್ನಡದಲ್ಲಿ ಆಕರಗ್ರಂಥ ಬರೆಯುವವರು ಮೊದಲು ಅವರ ಬಳಿ ಹೋಗಿ ಕೇಳಲಿ, ಕೇಳಿದ್ದನ್ನು ದಾಖಲೆಗಳೊಡನೆ ಹೋಲಿಸಿ ಬರೆಯಲಿ. ಆ ಕೆಲಸ ತಡವಾಗಬಾರದು.