ಫ್ರೇಮ್‌ವರ್ಕ್ ಆರಿಸೋ ಮುಂಚೆ ಬಾಜು ಹೊಲ ನೋಡ್ರಿ

1/8
ರೀಲ್ಸ್ ತೆಗೆದ್ರ ಸಾಕು, 'ಯಾವ ಫ್ರೇಮ್‌ವರ್ಕ್ ಬೆಸ್ಟ್?' ಅನ್ನೋ ಒಂದೇ ಹಾಡು. ರಿಯಾಕ್ಟ್ ಅಂತಾನ ಒಬ್ಬ, ಆ್ಯಂಗ್ಯುಲರ್ ಅಂತಾನ ಇನ್ನೊಬ್ಬ, ಫ್ಲಟರ್ ಕಲಿ ಲೈಫ್ ಸೆಟ್ ಅಂತಾನ ಮತ್ತೊಬ್ಬ. ಸಿಂಧನೂರು, ಮಸ್ಕಿ, ಲಿಂಗಸುಗೂರಿನ ನಮ್ಮ ಹುಡುಗರು, ಹುಡುಗಿಯರು ಅದನ್ನ ನಂಬಿ ಫೀ ಕಟ್ತಾರ. ನಾಲ್ಕು ತಿಂಗಳಿಗೆ ಅರ್ಧಕ್ಕೇ ಬಿಟ್ಟು 'ನಂಗ ತಲಿ ಇಲ್ಲ ಬಿಡು' ಅಂತಾರ.
ತಲಿ ಐತಿ. ಆರಿಸೋ ಲೆಕ್ಕಾನ ತಪ್ಪು ಹೇಳಿಕೊಟ್ಟಾರ. ಎಂಟು ಪೋಸ್ಟ್ ಅದಾವ, ಪೂರ್ತಿ ಓದ್ರಿ, ಆಮೇಲೆ ಜಗಳಕ್ಕ ಬರ್ರಿ.

2/8
'ನೀ ಬಿಕಾಂ, ನಿನಗ್ಯಾಕ ಕೋಡಿಂಗ್ ಮಾತು?' ಅನ್ನೋರಿಗೆ ಮೊದಲೇ ಉತ್ತರ. ಫ್ರೇಮ್‌ವರ್ಕ್ ಅಂದ್ರ ಪಿಲ್ಲರ್ ಎಬ್ಬಿಸಿ ಸ್ಲ್ಯಾಬ್ ಹಾಕಿಟ್ಟ ಮನೆ. ಗೋಡೆ, ಬಾಗಿಲು, ಬಣ್ಣ ನಿಮ್ಮದು. ಬುನಾದಿ ಬೇರೆಯವರದು. ಸಮಯ ಉಳಿಯುತ್ತೆ, ಆದ್ರ ಪಿಲ್ಲರ್ ಇದ್ದ ಕಡೆ ಬಾಗಿಲು ಇಡೋಕೆ ಆಗಲ್ಲ. ಅಂಥ ಮನೆ ತಗೊಳ್ಳೋದು ಖರ್ಚಿನ ಲೆಕ್ಕ, ಅಂದ್ರ ನಮ್ಮ ಸಬ್ಜೆಕ್ಟ್.
ಟ್ಯಾಲಿ ನೋಡ್ರಿ. 1986ರಲ್ಲಿ ಶ್ಯಾಮ್ ಸುಂದರ್ ಗೋಯೆಂಕಾ ಮತ್ತು ಮಗ ಭರತ್ ಗೋಯೆಂಕಾ ಶುರು ಮಾಡಿದ್ದು, ಕಂಪನಿ ಬೆಂಗಳೂರಿನದು. ತಮ್ಮ ವ್ಯಾಪಾರದ ಲೆಕ್ಕ ಇಡೋಕೆ ಸರಿಯಾದ ಸಾಫ್ಟ್‌ವೇರ್ ಸಿಗಲಿಲ್ಲ ಅಂತ ತಾವೇ ಬರೆದರು. ಇವತ್ತು ರೈಸ್ ಮಿಲ್ಲಿನ ಸಾಹುಕಾರ ಟ್ಯಾಲಿ ಯಾಕ ಬಿಡಲ್ಲ? ಅವರ ಗುಮಾಸ್ತನಿಗೂ ಅದೇ ಗೊತ್ತು, ಆಡಿಟರ್‌ಗೂ ಅದೇ ಗೊತ್ತು. ಗುಮಾಸ್ತ ಬಿಟ್ಟು ಹೋದ್ರ ಇನ್ನೊಬ್ಬ ಸಿಗ್ತಾನ. ಎಷ್ಟು ಫೀಚರ್ ಅದಾವ ಅಂತ ಯಾರೂ ಎಣಿಸಿಲ್ಲ.

3/8
ಈಗ ಗದ್ದೆಗೆ ಬರ್ರಿ. ನಮ್ಮ ಕಡೆ ರೈತ ಸೋನಾ ಮಸೂರಿ ಹಾಕ್ತಾನ. ಕೃಷಿ ವಿಶ್ವವಿದ್ಯಾಲಯದ ಇಳುವರಿ ಪಟ್ಟಿ ಓದಿ ಹಾಕ್ತಾನಾ? ಇಲ್ಲ. ಮಿಲ್ಲಿನವರು ತಗೋತಾರಾ, ಕಾಲುವೆ ನೀರು ಇರೋದ್ರೊಳಗ ಕೊಯ್ಲಿಗೆ ಬರುತ್ತಾ, ರೋಗ ಬಿದ್ರ ಯಾವ ಔಷಧಿ ಅಂತ ಹೇಳೋಕೆ ಬಾಜು ಹೊಲದವ ಅದಾನಾ ಅಂತ ನೋಡ್ತಾನ. ಇದನ್ನ ಕುರಿಹಿಂಡು ಅಂತ ನಗಬ್ಯಾಡ್ರಿ. ಎರಡು ಎಕರೆ ಇದ್ದವನಿಗೆ ಇದಕ್ಕಿಂತ ಜಾಣ ಲೆಕ್ಕ ಇನ್ನೊಂದಿಲ್ಲ.
ಡೆವಲಪರ್‌ಗಳ ಲೆಕ್ಕಾನೂ ಇದೇ. ಕೆಲಸ ಕೊಡೋ ಕಂಪನಿ ಅಂದ್ರ ಮಿಲ್ಲು. ಎರರ್ ಬಂದಾಗ ಉತ್ತರ ಕೊಡೋರು ಅಂದ್ರ ಬಾಜು ಹೊಲದವರು.

4/8
ಇದು ನನ್ನ ಕಟ್ಟುಕಥೆ ಅಲ್ಲ. 1943ರಲ್ಲಿ ರಯಾನ್ ಮತ್ತು ಗ್ರಾಸ್ ಅನ್ನೋ ಇಬ್ಬರು ಸಮಾಜಶಾಸ್ತ್ರಜ್ಞರು ಅಮೆರಿಕದ ಅಯೋವಾದಲ್ಲಿ ಹೈಬ್ರಿಡ್ ಮೆಕ್ಕೆಜೋಳ ಹೆಂಗ ಹರಡಿತು ಅಂತ ಒಂದು ಅಧ್ಯಯನ ಪ್ರಕಟಿಸಿದರು. 259 ರೈತರನ್ನ ಮಾತಾಡಿಸಿದ್ದರು. ಹೊಸ ಬೀಜದ ಸುದ್ದಿ ಮೊದಲು ತಂದವರು ಹೆಚ್ಚಾಗಿ ಬೀಜದ ಏಜೆಂಟರು. ಆದ್ರ ಕೊನೆಗೆ ಒಪ್ಪಿಸಿದವರು ಹೆಚ್ಚಾಗಿ ನೆರೆಹೊರೆಯವರು. ಮೊದಲು ಹಾಕಿದವರು ಯಾರು? ದೊಡ್ಡ ಹೊಲ, ಹೆಚ್ಚು ಆದಾಯ ಇದ್ದವರು. 1962ರಲ್ಲಿ ಎವರೆಟ್ ರೋಜರ್ಸ್ ಇಂಥ ಅಧ್ಯಯನಗಳನ್ನೆಲ್ಲ ಕೂಡಿಸಿ ಒಂದು ಪುಸ್ತಕಾನೇ ಬರೆದರು. ಮಾರ್ಕೆಟಿಂಗ್ ಪಾಠದಲ್ಲಿ ಬರೋ 'ಅರ್ಲಿ ಅಡಾಪ್ಟರ್' ಅನ್ನೋ ಮಾತು ಅಲ್ಲಿಂದ ಬಂದದ್ದು.
ರೀಲ್ಸ್ ಮಾಡೋನು ಬೀಜದ ಏಜೆಂಟ್. ಸುದ್ದಿ ತಗೊಳ್ರಿ, ಬ್ಯಾಡ ಅನ್ನಲ್ಲ. ಅವನ ಮಾತಿಗೆ ಹೊಲ ಪೂರ್ತಿ ಬಿತ್ತಬ್ಯಾಡ್ರಿ.

5/8
'ಬೆಂಗಳೂರಿನವರು ಹೊಸದನ್ನೇ ಹಿಡೀತಾರಲ್ಲ?' ಹೌದು. ಜೆರೋಧಾ ನೋಡ್ರಿ. ಅವರ ಕೈಟ್ ಆ್ಯಪ್ ಮೊದಲು ನೇರವಾಗಿ ಆ್ಯಂಡ್ರಾಯ್ಡ್‌ಗೆ ಬರೆದದ್ದು, ಆಮೇಲೆ ರಿಯಾಕ್ಟ್ ನೇಟಿವ್, ಆಮೇಲೆ ಫ್ಲಟರ್. ಈ ದಾರಿನ ಅವರೇ ಬಹಿರಂಗವಾಗಿ ಬರೆದುಕೊಂಡಾರ. ಸಣ್ಣ ತಂಡ, ಎರಡೂ ಥರದ ಫೋನಿಗೆ ಒಂದೇ ಕೋಡ್ ಬೇಕು, ಅದು ಅವರ ಲೆಕ್ಕ. ಫ್ಲಟರ್ ಆಗಿನ್ನೂ ಹೊಸದು.
ಆದ್ರ ಅವರು ದೊಡ್ಡ ಹೊಲದ ರೈತರು. ಒಂದು ಎಕರೆ ಕೆಟ್ರ ಮತ್ತ ಬಿತ್ತೋ ತಾಕತ್ತು ಐತಿ. ಎರಡು ಸಲ ಬಿಟ್ಟು ಮೂರನೇದಕ್ಕ ಹೋದದ್ದೇ ಅದಕ್ಕ ಸಾಕ್ಷಿ. ಅಪ್ಪ ಬೆಳೆ ಸಾಲದಲ್ಲಿ ಫೀ ಕಟ್ಟಿದ ಹುಡುಗಿಗೆ ಆ ತಾಕತ್ತು ಎಲ್ಲಿಂದ ಬರಬೇಕು? ಅವರ ಉತ್ತರ ಕಾಪಿ ಹೊಡೀಬ್ಯಾಡ್ರಿ, ಲೆಕ್ಕ ಮಾಡಿದ ರೀತಿ ಕಲೀರಿ.

6/8
ಇನ್ನೊಂದು ಮಾತು ಯಾರೂ ಹೇಳಲ್ಲ. ಫ್ರೇಮ್‌ವರ್ಕ್ ತಗೊಂಡ ದಿನದಿಂದ ನೀವು ಟೇಲ್ ಎಂಡ್ ರೈತರು. ಎಡದಂಡೆ ಕಾಲುವೆ ಕೊನೆಯವರಿಗೆ ಇದನ್ನ ಬಿಡಿಸಿ ಹೇಳಬೇಕಾ? ಮೇಲೆ ಏನಾಗುತ್ತೋ ಅದೇ ಕೆಳಗೆ ಬರೋದು. ಸಾಫ್ಟ್‌ವೇರ್‌ನವರೂ ಮೂಲ ಕೋಡ್ ಇರೋ ಕಡೆಗೆ 'ಅಪ್‌ಸ್ಟ್ರೀಮ್' ಅಂತಾನೇ ಕರೀತಾರ.
2024ರ ಆಗಸ್ಟ್ 10ರ ರಾತ್ರಿ ತುಂಗಭದ್ರಾ ಡ್ಯಾಮಿನ 19ನೇ ಗೇಟ್ ಚೈನ್ ತುಂಡಾಗಿ ಕೊಚ್ಚಿಹೋದಾಗ ನಮ್ಮ ಮನೆಗಳಲ್ಲಿ ಯಾರಿಗೆ ನಿದ್ದೆ ಬಂತು? 2016ರ ಮಾರ್ಚ್‌ನಲ್ಲಿ ಜಾವಾಸ್ಕ್ರಿಪ್ಟ್ ಲೋಕದಲ್ಲೂ ಹಂಗೇ ಆಯ್ತು. 'ಲೆಫ್ಟ್ ಪ್ಯಾಡ್' ಅನ್ನೋ 11 ಸಾಲಿನ ಕೋಡನ್ನ ಬರೆದವನೇ ತೆಗೆದುಬಿಟ್ಟ. ಅದರ ಮೇಲೆ ನಿಂತಿದ್ದ ಸಾವಿರಾರು ಪ್ರಾಜೆಕ್ಟ್ ಗಪ್ಪಂತ ನಿಂತವು.
ಗೂಗಲ್‌ನ ಆ್ಯಂಗ್ಯುಲರ್‌ಜೆಎಸ್ 2010ರಲ್ಲಿ ಬಂತು. 2016ರಲ್ಲಿ ಬಂದ ಆ್ಯಂಗ್ಯುಲರ್ 2 ಪೂರ್ತಿ ಬೇರೆ. ಹಳೆ ಕೋಡ್ ಹಂಗಂಗೇ ಅದರಲ್ಲಿ ಓಡಲ್ಲ. 2021ರ ಕೊನೆಗೆ ಹಳೆಯದಕ್ಕ ಬೆಂಬಲಾನೂ ನಿಂತಿತು. ಕಂಪನಿ ಹೆಸರು ದೊಡ್ಡದಾದ್ರ ನೀರು ಗ್ಯಾರಂಟಿ ಅಂತ ತಿಳೀಬ್ಯಾಡ್ರಿ.

7/8
ಹಂಗಾದ್ರ ನಮಗ ಕೊರತೆ ಏನು? ಬಾಜು ಹೊಲದವ. ಎರರ್ ಬಂದ್ರ ಇಂಗ್ಲಿಷ್, ದಾಖಲೆ ಇಂಗ್ಲಿಷ್, ಉತ್ತರಾನೂ ಇಂಗ್ಲಿಷ್. ಪಕ್ಕದಲ್ಲಿ ಕೇಳೋಕೆ ಯಾರೂ ಇಲ್ಲ.
ಮಸ್ಕಿಯವರೇ, ನಿಮ್ಮೂರ ಬಂಡೆ ನೆನಪಿಸ್ಕೊಳ್ರಿ. ಅಶೋಕ ಅಲ್ಲಿ ಪ್ರಾಕೃತದಲ್ಲಿ ಬರೆಸಿದ. ಅದೇ ಅಶೋಕ ಕಂದಹಾರ್‌ನಲ್ಲಿ ಗ್ರೀಕ್ ಮತ್ತು ಅರಾಮಿಕ್‌ನಲ್ಲಿ ಬರೆಸಿದ, ಯಾಕಂದ್ರ ಅಲ್ಲಿ ಓದೋರು ಆ ಭಾಷೆಯವರು. ಕಾಲ ಕಳೆದಂಗ ಆ ಹಳೆ ಬ್ರಾಹ್ಮಿ ಲಿಪಿ ಓದೋರೇ ಇಲ್ಲದಂಗಾಗಿ, 1837ರಲ್ಲಿ ಪ್ರಿನ್ಸೆಪ್ ಬಿಡಿಸೋ ತನಕ ಅಂಥ ಬಂಡೆಗಳೆಲ್ಲ ಮೂಕ. ನಿಮ್ಮೂರಿನದು ವಿದ್ವಾಂಸರ ಕಣ್ಣಿಗೆ ಬಿದ್ದದ್ದೇ 1915ರಲ್ಲಿ. ಓದೋರಿಲ್ಲದ ದಾಖಲೆ ಬರೀ ಕಲ್ಲು.
ವ್ಯೂ ಬರೆದ ಇವಾನ್ ಯೂ ಚೀನಾದಲ್ಲಿ ಬೆಳೆದವರು. ವ್ಯೂ ದಾಖಲೆ ಚೀನಿ ಭಾಷೆಯಲ್ಲೂ ಸಿಕ್ಕಿತು, ಅಲ್ಲಿ ಬೇಗ ಹರಡಿತು. ರಿಯಾಕ್ಟ್ ದಾಖಲೆ 2019ರಲ್ಲಿ ಸ್ಪ್ಯಾನಿಷ್, ಜಪಾನಿ, ಪೋರ್ಚುಗೀಸ್‌ಗೆ ಬಂತು. ಮಾಡಿದವರು ಸ್ವಯಂಸೇವಕರು. ಕನ್ನಡದಲ್ಲಿ ಮಾಡಬ್ಯಾಡ್ರಿ ಅಂತ ಯಾರೂ ಬೋರ್ಡ್ ಹಾಕಿಲ್ಲ.

8/8
ಅದಕ್ಕ, ಫೀ ಕಟ್ಟೋ ಮುಂಚೆ ಮೂರು ಪ್ರಶ್ನೆ ಕೇಳ್ರಿ.
ಒಂದು: ರಾತ್ರಿ ಹನ್ನೊಂದಕ್ಕ ಸಿಕ್ಕಿಹಾಕ್ಕೊಂಡ್ರ ಯಾರನ್ನ ಕೇಳಲಿ?
ಎರಡು: ಇದನ್ನ ಕಲಿತವರನ್ನ ಯಾರು ಕೆಲಸಕ್ಕ ತಗೊಂಡಾರ? ಪೋಸ್ಟರ್ ತೋರಿಸಬ್ಯಾಡ್ರಿ, ಕೆಲಸ ಸಿಕ್ಕವರ ಜೊತೆ ಮಾತಾಡಿಸ್ರಿ.
ಮೂರು: ಮೇಲಿನವರು ನೀರು ನಿಲ್ಲಿಸಿದ್ರ ನನ್ನ ಕೈಯಾಗ ಏನು ಉಳಿಯುತ್ತೆ? ಜಾವಾಸ್ಕ್ರಿಪ್ಟ್, ಡೇಟಾಬೇಸ್ ಬುನಾದಿ ಗಟ್ಟಿ ಇದ್ರ ಫ್ರೇಮ್‌ವರ್ಕ್ ಹೋದ್ರೂ ಹೊಲ ನಿಮ್ಮದೇ.
ಉತ್ತರ ಕೊಡದವರಿಗೆ ಒಂದು ರೂಪಾಯಿ ಕೊಡಬ್ಯಾಡ್ರಿ.
ಮೂರೂ ಊರಿನವರು ಒಂದೊಂದು ಗುಂಪು ಮಾಡ್ರಿ. ಗುಂಪಿನವರೆಲ್ಲ ಒಂದೇ ಫ್ರೇಮ್‌ವರ್ಕ್ ಹಿಡೀರಿ, ಯಾವುದಾದ್ರೂ ನಡೀತದ. ಯಾರಿಗೆ ಯಾವ ಎರರ್ ಬಂತು, ಹೆಂಗ ಬಿಡಿಸಿದ್ರು ಅಂತ ಕನ್ನಡದಲ್ಲಿ ನಾಲ್ಕು ಸಾಲು ಬರೆದಿಡ್ರಿ. ಮುಂದಿನ ವರ್ಷ ಬರೋ ತಂಗಿಗೆ ನೀವೇ ಬಾಜು ಹೊಲದವರು.
ಒಪ್ಪಲ್ಲ ಅನ್ನೋರು ಕಾಮೆಂಟ್‌ನಲ್ಲಿ ಬರ್ರಿ. ಆದ್ರ 'ಬೆಸ್ಟ್ ಯಾವುದು?' ಅಂತ ಮಾತ್ರ ಕೇಳಬ್ಯಾಡ್ರಿ.

#ಸಿಂಧನೂರು #ಮಸ್ಕಿ #ಲಿಂಗಸುಗೂರು #ಬಾಜುಹೊಲ #ಕನ್ನಡದಲ್ಲಿಕೋಡಿಂಗ್