ಕಣ್ಣಿನ ವೈದ್ಯರಿಗೆ ಸಂಶೋಧನೆಯ ಬಿಡುವು ಸಿಗಲಿ

ದೃಷ್ಟಿ ಸಂಶೋಧನೆಯ ಎಷ್ಟೋ ಪ್ರಶ್ನೆಗಳು ಹುಟ್ಟುವುದು ಹೊರರೋಗಿ ವಿಭಾಗದಲ್ಲಿ. ಆದರೆ ದಿನವಿಡೀ ರೋಗಿಗಳನ್ನು ನೋಡುವ ವೈದ್ಯರಿಗೆ ಅವುಗಳ ಬೆನ್ನುಹತ್ತಲು ಬಿಡುವಿಲ್ಲ. ತರಬೇತಿ ಅನುದಾನ ಒದಗಿಸುವುದು ಈ ಬಿಡುವನ್ನೇ. ಜೊತೆಗೆ ವೇತನ, ಪ್ರಯೋಗದ ವೆಚ್ಚ, ಹಿರಿಯ ವಿಜ್ಞಾನಿಗಳ ಮಾರ್ಗದರ್ಶನ. ಕೇಂದ್ರದ ಜೈವಿಕ ತಂತ್ರಜ್ಞಾನ ಇಲಾಖೆ ಮತ್ತು ಬ್ರಿಟನ್ನಿನ ವೆಲ್‌ಕಮ್ ಟ್ರಸ್ಟ್ 2008ರಲ್ಲಿ ಕಟ್ಟಿದ ‘ಇಂಡಿಯಾ ಅಲೈಯನ್ಸ್’ ವೈದ್ಯರಿಗೂ ಇಂಥ ಫೆಲೋಶಿಪ್ ತೆರೆಯಿತು.

ಇಂಥ ನೆರವು ಎಲ್ಲಿ ಬೇಕು ಎಂಬುದಕ್ಕೆ ನಮ್ಮ ಕಡೆಯದೇ ಒಂದು ಉದಾಹರಣೆ: 1987ರಲ್ಲಿ ಹೈದರಾಬಾದಿನಲ್ಲಿ ಆರಂಭವಾದ ಎಲ್.ವಿ. ಪ್ರಸಾದ್ ನೇತ್ರ ಸಂಸ್ಥೆಗೆ ವಿಶಾಖಪಟ್ಟಣದಲ್ಲಿ 2006ರಿಂದ, ವಿಜಯವಾಡದಲ್ಲಿ 2011ರಿಂದ ಆಸ್ಪತ್ರೆಗಳಿವೆ. ಆಂಧ್ರ ಕರಾವಳಿಯ ರೋಗಿಗಳನ್ನು ಅಲ್ಲಿನ ವೈದ್ಯರು ಹತ್ತಿರದಿಂದ ಬಲ್ಲರು. ಸಂಸ್ಥೆಯ ಮುಖ್ಯ ಪ್ರಯೋಗಾಲಯಗಳು ಹೈದರಾಬಾದಿನಲ್ಲಿವೆ. ಇವೆರಡನ್ನೂ ಬೆಸೆಯುವ, ವೈದ್ಯರಿಗೆಂದೇ ಮೀಸಲಾದ ದೃಷ್ಟಿ ಸಂಶೋಧನಾ ಅನುದಾನವನ್ನು ಸರ್ಕಾರಗಳು ಸ್ಥಾಪಿಸಬೇಕು.

– ಓದುಗರೊಬ್ಬರು, ವಿಜಯವಾಡ