ಸಾಹಸ ನಮ್ಮದು, ಬೆನ್ನು ಬೇರೆಯವರದು

ಮೊನ್ನೆ ಸೋಮವಾರ ಆಫೀಸಿನ ಕ್ಯಾಂಟೀನಿನಲ್ಲಿ ಕಿಲಿಮಾಂಜಾರೋ ಹತ್ತಿ ಬಂದ ಸಹೋದ್ಯೋಗಿಯೊಬ್ಬರ ಸುತ್ತ ನಾವೆಲ್ಲ ಕೂತಿದ್ದೆವು. 5,895 ಮೀಟರ್, ಆಫ್ರಿಕಾದ ನೆತ್ತಿ. ಫೋಟೋಗಳು ನಿಜಕ್ಕೂ ಚೆನ್ನಾಗಿದ್ದವು. ಸಂಜೆ ಹೊತ್ತಿಗೆ ಅವೇ ಫೋಟೋಗಳು ಲಿಂಕ್ಡ್‌ಇನ್‌ಗೂ ಬಂದವು, 'ಬೆಟ್ಟ ನನಗೆ ಕಲಿಸಿದ ನಾಯಕತ್ವದ ಏಳು ಪಾಠಗಳು' ಅನ್ನುವ ತಲೆಬರಹದ ಕೆಳಗೆ. ಏಳೂ ಪಾಠ ಓದಿದೆ. ಟೆಂಟ್ ಹೊತ್ತವನು, ನೀರು ಕಾಯಿಸಿದವನು, ಇವರಿಗಿಂತ ಮೊದಲೇ ಕ್ಯಾಂಪ್ ತಲುಪಿ ಟೀ ಮಾಡಿಟ್ಟುಕೊಂಡು ಕಾದವನು, ಇವರಲ್ಲಿ ಒಬ್ಬರೂ ಒಂದು ಪಾಠದಲ್ಲೂ ಇರಲಿಲ್ಲ.

ಅವರನ್ನು ಬೈಯೋ ಹಕ್ಕು ನನಗಿಲ್ಲ ಬಿಡಿ. ಎವರೆಸ್ಟ್ ಬೇಸ್ ಕ್ಯಾಂಪಿಗೆ ಹೋಗಿ ಬಂದು ನಾನೂ ಅಂಥದ್ದೇ ಪೋಸ್ಟ್ ಹಾಕಿದವನು. ನಾಲ್ಕುನೂರು ಲೈಕ್ ಬಂದಿತ್ತು. ಅದರಲ್ಲಿ ಬರೆಯದೆ ಬಿಟ್ಟಿದ್ದನ್ನು ಇವತ್ತು ಬರೀತೀನಿ.

ನನ್ನ ವಾದ ಇಷ್ಟೇ. ರಜೆಯ ಸಾಹಸದಲ್ಲಿ ನಾವು ದುಡ್ಡು ಕೊಟ್ಟು ಕೊಳ್ಳೋದು ಒಂದಿಷ್ಟು ಭಯವನ್ನು. ನಿಜವಾದ ಅಪಾಯದ ದೊಡ್ಡ ಪಾಲು ನಮ್ಮ ಸಾಮಾನಿನ ಜೊತೆಗೇ ಇನ್ನೊಬ್ಬರ ಬೆನ್ನಿಗೆ ಹೋಗಿರುತ್ತದೆ.

ನ್ಯೂಜಿಲೆಂಡಿನ ಕ್ವೀನ್ಸ್‌ಟೌನ್ ಹತ್ತಿರ ಕವರೌ ನದಿಯ ಸೇತುವೆಯಿದೆ. 1988ರಿಂದ ಅಲ್ಲಿ ಬಂಜೀ ಜಂಪಿಂಗ್ ನಡೀತಿದೆ. 43 ಮೀಟರ್ ಎತ್ತರ. ಹಾರುವ ಮೊದಲು ನನ್ನನ್ನು ತೂಕದ ಯಂತ್ರದ ಮೇಲೆ ನಿಲ್ಲಿಸಿ, ಬಂದ ಅಂಕಿಯನ್ನು ಕೈಮೇಲೆ ಪೆನ್ನಿನಲ್ಲಿ ಬರೆದರು. ಅದನ್ನು ನೋಡಿಕೊಂಡೇ ಇನ್ನೊಬ್ಬರು ಹಗ್ಗ ಹೊಂದಿಸಿದರು. ಆ ದೇಶದಲ್ಲಿ ಅಪಘಾತವಾದರೆ ತಪ್ಪು ಯಾರದ್ದು ಅಂತ ಕೇಳದೆ ಚಿಕಿತ್ಸೆಗೆ ನೆರವಾಗುವ ಸರ್ಕಾರಿ ವ್ಯವಸ್ಥೆ 1974ರಿಂದ ಇದೆ, ಹೊರಗಿನಿಂದ ಬಂದ ಪ್ರವಾಸಿಗೂ ಅದು ಸಿಗುತ್ತದೆ. ನಾನು ಕಿರುಚಿದ್ದು ನಿಜ, ಆದರೆ ಕಿರುಚುವಂಥದ್ದು ಅಲ್ಲೇನೂ ಇರಲಿಲ್ಲ.

ಎರಡು ವರ್ಷ ಕಳೆದು ನೇಪಾಳಕ್ಕೆ ಹೋದೆ. ಲುಕ್ಲಾಕ್ಕೆ ಹೋಗುವ ಸಣ್ಣ ವಿಮಾನ ಹತ್ತುವ ಮುಂಚೆ ನಮ್ಮ ಚೀಲಗಳನ್ನೆಲ್ಲ ತೂಗಿದರು. ನನ್ನದು ಹದಿನೈದು ಕೆಜಿ. ಅಲ್ಲಿನ ರನ್‌ವೇ ಉದ್ದ ಬರೀ 527 ಮೀಟರ್, ವಿಮಾನಕ್ಕೆ ಭಾರ ಹೆಚ್ಚಾಗಬಾರದಲ್ಲ! ಇಳಿದ ಮೇಲೆ ಒಬ್ಬ ಹುಡುಗ ಬಂದ. ಇಪ್ಪತ್ತು ದಾಟಿತ್ತೋ ಇಲ್ಲವೋ. ನನ್ನ ಚೀಲ, ಗೆಳೆಯನ ಚೀಲ, ಮೇಲೊಂದು ತನ್ನ ಗಂಟು, ಮೂರನ್ನೂ ಹಗ್ಗದಲ್ಲಿ ಬಿಗಿದು, ಪಟ್ಟಿಯನ್ನು ಹಣೆಗೆ ಕೊಟ್ಟು ಎದ್ದು ನಿಂತ. ವಿಮಾನಕ್ಕೆ ಭಾರವಾಗುತ್ತಾ ಅಂತ ತೂಗಿದ್ದ ಚೀಲವನ್ನು ಮನುಷ್ಯನಿಗೆ ಭಾರವಾಗುತ್ತಾ ಅಂತ ಯಾರೂ ತೂಗಲಿಲ್ಲ. ಒಳಗೆ ಏನಿತ್ತು ಗೊತ್ತಾ? ಮೂರನೇ ಜಾಕೆಟ್, ಒಮ್ಮೆಯೂ ಹೊರಗೆ ತೆಗೆಯದ ಕ್ಯಾಮೆರಾ ಲೆನ್ಸ್, ಅಮ್ಮ ಕಳಿಸಿದ ಮಾವಿನಮಿಡಿ ಉಪ್ಪಿನಕಾಯಿಯ ಗಾಜಿನ ಬಾಟಲಿ.

ನಾವು ಅವನನ್ನು 'ಶೆರ್ಪಾ' ಅಂತಿದ್ದೆವು. ಶೆರ್ಪಾ ಅನ್ನೋದು ಕೆಲಸದ ಹೆಸರಲ್ಲ, ಎತ್ತರದ ಆ ಸೀಮೆಯ ಒಂದು ಸಮುದಾಯದ ಹೆಸರು. ನಮ್ಮ ಚೀಲ ಹೊರುವವರಲ್ಲಿ ಬಹಳಷ್ಟು ಜನ ತಗ್ಗಿನ ಗುಡ್ಡಗಳಿಂದ ಬರುವ ರಾಯಿ, ತಮಾಂಗ್ ಮುಂತಾದ ಸಮುದಾಯದವರು. ಎತ್ತರದ ಗಾಳಿ ನಮ್ಮನ್ನು ಹೇಗೆ ಕಾಡುತ್ತದೋ ಅವರನ್ನೂ ಹಾಗೇ ಕಾಡುತ್ತದೆ. 4,900 ಮೀಟರ್ ದಾಟಿದ ಲೊಬುಚೆಯಲ್ಲಿ ಆ ಹುಡುಗ ಗೋಡೆಗೊರಗಿ ತಲೆ ಹಿಡಿದುಕೊಂಡು ಕೂತಿದ್ದ. ಎತ್ತರದ ತಲೆನೋವಿಗೆ ಅಂತ ಬೆಂಗಳೂರಿನ ಡಾಕ್ಟರ್ ಬರೆದುಕೊಟ್ಟ ಮಾತ್ರೆ ನನ್ನ ಜೇಬಿನಲ್ಲೇ ಇತ್ತು. ಹುಡುಗನಿಗೆ ಏನಾಗಿದೆ ಅಂತ ಗೈಡ್‌ನನ್ನು ಕೇಳಿದೆ. "ಇನ್ ಕೋ ಆದತ್ ಹೈ ಸರ್" ಅಂದ. ಇವರಿಗೆ ರೂಢಿ ಇದೆ. ಸರಿ ಅಂದುಕೊಂಡು ನಾನು ಊಟಕ್ಕೆ ಹೋದೆ.

ಆ ಮಾತನ್ನು ಎಲ್ಲೋ ಕೇಳಿದ್ದೀನಲ್ಲ ಅಂತ ರಾತ್ರಿಯಿಡೀ ಅನ್ನಿಸ್ತಿತ್ತು.

ಕೇಳಿದ್ದು ನಮ್ಮನೆ ಅಂಗಳದಲ್ಲೇ. ನಮ್ಮದು ಸಾಗರದ ಕಡೆ, ಎರಡೆಕರೆ ಅಡಿಕೆ ತೋಟ. ಕೊನೆ ಕೊಯ್ಯಲು ಬರುತ್ತಿದ್ದವರು ಐವತ್ತು ಅಡಿ ಮರದ ತುದಿಯಲ್ಲಿ ಮರವನ್ನೇ ಬಾಗಿಸಿ ಪಕ್ಕದ ಮರ ಹಿಡಿದು ದಾಟಿಕೊಳ್ಳುತ್ತಿದ್ದರು. ಕೆಳಗೆ ಇಳಿಯುತ್ತಲೇ ಇರಲಿಲ್ಲ. ನಾವು ಮಕ್ಕಳು ಬಾಯಿ ಬಿಟ್ಟು ನೋಡುತ್ತಿದ್ದೆವು. ಅದಕ್ಕೆ ಹೆಲ್ಮೆಟ್ ಇಲ್ಲ, ಕೈಮೇಲೆ ತೂಕ ಬರೆಯುವವರಿಲ್ಲ. ನಾನು ಪಿಯುಸಿಯಲ್ಲಿದ್ದ ವರ್ಷ ಮಳೆಗಾಲದಲ್ಲಿ ಕೊಳೆರೋಗ ಜೋರಾಗಿತ್ತು. ಬೋರ್ಡೋ ಹೊಡೆಯಲೇಬೇಕು. ಮರ ಪಾಚಿಗಟ್ಟಿತ್ತು. "ಇವತ್ತು ಬ್ಯಾಡ, ಜಾರ್ತದೆ" ಅಂದಳು ಅಮ್ಮ. "ಅವನಿಗೆ ರೂಢಿ ಇದೆ ಬಿಡೆ" ಅಂದ ಅಪ್ಪ. ಮಧ್ಯಾಹ್ನದೊಳಗೆ ಆತ ಬಿದ್ದ. ಬೆನ್ನುಮೂಳೆ. ಅಪ್ಪ ಜೀಪು ಮಾಡಿಸಿ ಆಸ್ಪತ್ರೆಗೆ ಸೇರಿಸಿದ, ಕೈಲಾದಷ್ಟು ದುಡ್ಡು ಕೊಟ್ಟ, ಎರಡು ಮೂಟೆ ಅಕ್ಕಿ ಕಳಿಸಿದ. ಮುಂದಿನ ವರ್ಷ ಬೇರೆಯವನು ಮರ ಹತ್ತಿದ. ಅದೇ ಅಡಿಕೆ ಮಾರಿದ ದುಡ್ಡಿನಲ್ಲಿ ನನ್ನ ಬಿಇ ಫೀಸು ಕಟ್ಟಿದೆವು.

ಅಪ್ಪ ಕೆಟ್ಟವನಲ್ಲ. ನನ್ನ ಸಹೋದ್ಯೋಗಿಯೂ ಅಲ್ಲ. 'ರೂಢಿ ಇದೆ' ಅನ್ನುವ ಒಂದು ಮಾತು ಒಳ್ಳೆಯವರಿಗೂ ಚೆನ್ನಾಗಿ ನಿದ್ದೆ ಬರಿಸುತ್ತದೆ, ಅಷ್ಟೇ.

ಈ ರೂಢಿಯ ಬೆಲೆ ಎಷ್ಟು ಅಂತ ನೋಡಿ. 2014ರ ಏಪ್ರಿಲ್ 18ರಂದು ಎವರೆಸ್ಟಿನ ಖುಂಬು ಹಿಮಪ್ರಪಾತದಲ್ಲಿ ಹಿಮ ಕುಸಿದು 16 ಜನ ಸತ್ತರು. ಹದಿನಾರೂ ಜನ ನೇಪಾಳದ ಕೆಲಸಗಾರರು. ಬೇರೆಯವರ ಶಿಖರಕ್ಕೆ ದಾರಿ ಮಾಡುತ್ತ, ಸಾಮಾನು ಸಾಗಿಸುತ್ತ ಇದ್ದವರು. ಸರ್ಕಾರ ಮೊದಲು ಘೋಷಿಸಿದ ಪರಿಹಾರ ಕುಟುಂಬಕ್ಕೆ 40,000 ನೇಪಾಳಿ ರೂಪಾಯಿ, ನಮ್ಮ ಲೆಕ್ಕದಲ್ಲಿ 25,000. ಅವರು ಸಿಟ್ಟಿಗೆದ್ದು ಕೆಲಸ ನಿಲ್ಲಿಸಿದ ಮೇಲೆ ಜಗತ್ತು ಒಂದು ಸಲ ತಿರುಗಿ ನೋಡಿತು.

ಇನ್ನೊಂದು ಲೆಕ್ಕ. ಹೊರೆ ಹೊರುವವರ ರಕ್ಷಣೆಗೆ ಅಂತಲೇ ಇರುವ ಒಂದು ಅಂತರರಾಷ್ಟ್ರೀಯ ಗುಂಪು ತೂಕದ ಮಿತಿಗಳನ್ನು ಸೂಚಿಸಿದೆ. ಕಿಲಿಮಾಂಜಾರೋದಲ್ಲಿ 20 ಕೆಜಿ, ಪೆರುವಿನಲ್ಲಿ 25, ನೇಪಾಳದಲ್ಲಿ 30. ಅವರು ಒಳ್ಳೆಯದಕ್ಕೇ ಹೇಳಿದ್ದು, ಪಾಪ. ಆದರೂ ಯೋಚಿಸಿ, ಮನುಷ್ಯನ ಬೆನ್ನುಮೂಳೆ ದೇಶದಿಂದ ದೇಶಕ್ಕೆ ಐದೈದು ಕೆಜಿ ಗಟ್ಟಿಯಾಗುತ್ತಾ? ಯಾವ ದೇಶದಲ್ಲಿ ಎಷ್ಟು ಹೊರಿಸುವುದು ರೂಢಿಯೋ ಅದರ ಹತ್ತಿರದಲ್ಲೇ ಮಿತಿಯೂ ನಿಲ್ಲುತ್ತದೆ.

"ಅಲ್ಲಾ ಗುರು, ನಾವು ಹೋಗದಿದ್ರೆ ಅವರಿಗೆ ಕೆಲಸವೇ ಇರಲ್ವಲ್ಲ?" ಅಂತೀರಿ. ನಿಜ. ಖುಂಬು ಕಣಿವೆ ಬದುಕಿರೋದೇ ಪ್ರವಾಸಿಗಳಿಂದ. ಹೋಗಬೇಡಿ ಅಂತ ನಾನೂ ಹೇಳ್ತಿಲ್ಲ. ಆದರೆ ಕೆಲಸ ಕೊಟ್ಟೆ ಅನ್ನುವವನು ಕೆಲಸದಲ್ಲಿ ಆಗುವ ಅಪಾಯಕ್ಕೂ ಹೊಣೆ ಹೊರಬೇಕು. ಸೊಂಟನೋವು ಅಂತ ಎಚ್‌ಆರ್‌ಗೆ ಮೇಲ್ ಬರೆದು ಹೊಸ ಕುರ್ಚಿ ತರಿಸಿಕೊಳ್ಳೋ ಜನ ನಾವು. ಅಪ್ಪ ಅಮ್ಮನನ್ನೂ ಕಂಪನಿಯ ವಿಮೆಗೆ ಸೇರಿಸಿಕೊಳ್ಳೋ ಜನ ನಾವು. ಬೆನ್ನಿಗೆ ಬೆಲೆ ಇದೆ ಅಂತ ನಮಗೆ ಗೊತ್ತಿಲ್ಲದೇ ಏನಿಲ್ಲ.

ಹಾಗಾಗಿ ಬುಕ್ ಮಾಡೋ ಮುಂಚೆ ನಾಲ್ಕು ಪ್ರಶ್ನೆ ಕೇಳಿ. ನನ್ನ ಸಾಮಾನನ್ನು ನನ್ನೆದುರೇ ತೂಗಿ ಕೊಡ್ತೀರಾ? ಹೊರುವವರಿಗೆ ವಿಮೆ ಇದ್ದರೆ ಎಷ್ಟು ರೂಪಾಯಿಗೆ? ಅವರಿಗೆ ಬೂಟು, ಜಾಕೆಟ್, ಮಲಗೋ ಜಾಗ ಯಾರು ಕೊಡ್ತಾರೆ? ಮೇಲೆ ಕಾಯಿಲೆಯಾದರೆ ಅವರನ್ನು ಕೆಳಗೆ ಕರೆತರೋರು ಯಾರು? ಉತ್ತರ ತಡವರಿಸಿದರೆ ಬೇರೆ ಕಂಪನಿ ನೋಡಿ. ದುಬಾರಿಯಾಗುತ್ತೆ, ಆಗಲಿ. ಅದು ಜಾಸ್ತಿ ದುಡ್ಡಲ್ಲ, ಇಷ್ಟು ದಿನ ಯಾರದೋ ಬೆನ್ನಿನಿಂದ ನಾವು ಉಳಿಸಿಕೊಂಡಿದ್ದು.

ನಮ್ಮ ತೋಟಕ್ಕೆ ಈಗ ಕಾರ್ಬನ್ ಫೈಬರ್ ದೋಟಿ ಬಂದಿದೆ. ನೆಲದ ಮೇಲೆ ನಿಂತೇ ಕೊನೆ ಕೊಯ್ಯಬಹುದು, ಔಷಧಿಯನ್ನೂ ಹೊಡೆಯಬಹುದು. ನಮಗೆ ಕರುಣೆ ಹುಟ್ಟಿ ತಂದದ್ದಲ್ಲ, ಮರ ಹತ್ತುವವರು ಸಿಗದೇ ಹೋದ ಮೇಲೆ ತಂದದ್ದು. ಬೆಟ್ಟದ ವಿಷಯದಲ್ಲಾದರೂ ಅಲ್ಲಿಯವರೆಗೆ ಕಾಯಬೇಕಾ?

ಆ ಹುಡುಗನ ಹೆಸರು ನಾನು ಕೇಳಿದ್ದು ಕೊನೆಯ ದಿನ, ಟಿಪ್ ಕೊಡುವ ಕವರಿನ ಮೇಲೆ ಬರೆಯೋದಕ್ಕೆ. ಮುಂದಿನ ಸಲ ಪೋಸ್ಟ್ ಹಾಕುವಾಗ ಎತ್ತರದ ಪಕ್ಕ ಇನ್ನೊಂದು ಅಂಕಿಯನ್ನೂ ಹಾಕಿ. ನನ್ನದನ್ನು ಇವತ್ತು ತಿದ್ದಿದ್ದೇನೆ: 5,364 ಮೀಟರ್. ಸಾಮಾನು ಹದಿನೈದು ಕೆಜಿ, ಉಪ್ಪಿನಕಾಯಿ ಸೇರಿ. ಹೊತ್ತದ್ದು ನಾನಲ್ಲ.